ಮೇನ್‌ಫ್ರೇಮ್‌ನಿಂದ ನೆಟ್‌ವರ್ಕ್ ಮುದ್ರಣ: ದೋಷ ಪತ್ತೆ

ಮೇನ್‌ಫ್ರೇಮ್‌ನಲ್ಲಿ ಓಡಿದ ಜಾಬ್‌ನ ವರದಿ ಟಿಸಿಪಿ/ಐಪಿ ಜಾಲ ದಾಟಿ ದೂರದ ಪ್ರಿಂಟರಿನಲ್ಲಿ ಕಾಗದವಾಗಬೇಕು. ಅದು ಬಾರದೆ ಹೋದಾಗ, ಅರ್ಧಕ್ಕೆ ನಿಂತಾಗ, ಬಂದರೂ ಓದಲಾಗದಂತೆ ಬಂದಾಗ ಅಥವಾ ಎರಡೆರಡು ಸಲ ಬಂದಾಗ ಕಾರಣ ಹುಡುಕಿ ಸರಿಪಡಿಸುವ ಕೆಲಸವೇ ಈ ಲೇಖನದ ವಿಷಯ. ಇಲ್ಲಿ ಮುಖ್ಯವಾಗಿ ಐಬಿಎಂನ ಝಡ್/ಓಎಸ್ ಕಾರ್ಯಾಚರಣೆ ವ್ಯವಸ್ಥೆಯನ್ನೂ ಔಟ್‌ಪುಟ್ ಮುದ್ರಣಕ್ಕೆ ಕಾಯುವ ಸ್ಪೂಲ್ ಎಂಬ ಸಂಗ್ರಹವನ್ನು ನೋಡಿಕೊಳ್ಳುವ ಅದರ ಜೆಸ್2 ಉಪವ್ಯವಸ್ಥೆಯನ್ನೂ ಎದುರಿಗಿಟ್ಟುಕೊಂಡಿದೆ.

ಬ್ಯಾಂಕು, ವಿಮಾ ಕಂಪನಿ, ಸರ್ಕಾರಿ ಇಲಾಖೆ, ದೊಡ್ಡ ಗೋದಾಮುಗಳ ಕಾಗದಪತ್ರ ಇಂದಿಗೂ ಈ ದಾರಿಯಲ್ಲಿ ಹರಿಯುತ್ತದೆ. ಅಮೆರಿಕ, ಯುರೋಪಿನ ಮೇನ್‌ಫ್ರೇಮ್‌ಗಳನ್ನು ಬೆಂಗಳೂರಿನಿಂದ ನೋಡಿಕೊಳ್ಳುವ ತಂಡಗಳು ಬಹಳ. ಅಲ್ಲಿ ಕೂತವರ ಕಣ್ಣಿಗೆ ಸ್ಪೂಲ್ ಕಾಣುತ್ತದೆ, ಕಾಗದ ಕಾಣುವುದಿಲ್ಲ. ಪ್ರಿಂಟರಿನ ಮುಂದೆ ನಿಂತವರಿಗೆ ಕಾಗದ ಕಾಣುತ್ತದೆ, ಸ್ಪೂಲ್ ಎಂದರೇನೆಂದು ಗೊತ್ತಿರುವುದಿಲ್ಲ. ಹೀಗಾಗಿ 'ಪ್ರಿಂಟ್ ಬರುತ್ತಿಲ್ಲ' ಎಂಬ ಒಂದೇ ದೂರಿನ ಹಿಂದೆ ಹತ್ತು ಬೇರೆ ಬೇರೆ ಕಾಯಿಲೆಗಳು ಇರಬಹುದು.

ಹಿನ್ನೆಲೆ

ಈ ಕೆಲಸದ ತೊಡಕು ಅರ್ಥವಾಗಲು ಹಳೆಯ ಯಂತ್ರವೊಂದನ್ನು ನೆನೆಯಬೇಕು. 1959ರಲ್ಲಿ 1401 ಕಂಪ್ಯೂಟರಿನ ಜತೆ ಬಂದ ಐಬಿಎಂ 1403 ಪ್ರಿಂಟರು ಸಾಲಿಗೆ 132 ಅಕ್ಷರಗಳವರೆಗೆ, ನಿಮಿಷಕ್ಕೆ 600 ಸಾಲು ಅಚ್ಚು ಹಾಕುತ್ತಿತ್ತು. ಮುಂದೆ ಬಂದ ಎನ್1 ಮಾದರಿಯ ವೇಗ ನಿಮಿಷಕ್ಕೆ 1,100 ಸಾಲು. ಕಾಗದ ಎಲ್ಲಿಗೆ ಹಾರಬೇಕು ಎಂಬುದನ್ನು ತೂತು ಹೊಡೆದ ಟೇಪೊಂದು ಹೇಳುತ್ತಿತ್ತು. ಅದರಲ್ಲಿ 12 ಚಾನೆಲ್. ಮೊದಲನೆಯ ಚಾನೆಲ್ ಎಂದರೆ ಹೊಸ ಪುಟದ ತಲೆ. ಆಮೇಲೆ 3211 ಪ್ರಿಂಟರಿನಲ್ಲಿ ಆ ಟೇಪಿನ ಜಾಗಕ್ಕೆ ಎಫ್‌ಸಿಬಿ ಎಂಬ ಸ್ಮೃತಿಪಟ್ಟಿ ಬಂತು. ಇವತ್ತಿಗೂ ಕೋಬಾಲ್ ಪ್ರೋಗ್ರಾಮು ಬರೆಯುವ ವರದಿಯ ರೆಕಾರ್ಡ್ ಸಾಮಾನ್ಯವಾಗಿ 133 ಬೈಟ್ ಇರುತ್ತದೆ. ಮೊದಲ ಬೈಟ್ ಕಾಗದದ ಚಲನೆಗೆ, ಉಳಿದ 132 ಅಕ್ಷರಗಳಿಗೆ.

ಸ್ಪೂಲ್ ಕಥೆಯೂ ಅಷ್ಟೇ ಹಳೆಯದು. 1960ರ ದಶಕದಲ್ಲಿ ಹ್ಯೂಸ್ಟನ್ನಿನ ನಾಸಾ ಕೇಂದ್ರದಲ್ಲಿದ್ದ ಐಬಿಎಂ ಎಂಜಿನಿಯರುಗಳು ಬರೆದ ಹ್ಯಾಸ್ಪ್ ಎಂಬ ತಂತ್ರಾಂಶ 1970ರ ದಶಕದಲ್ಲಿ ಝಡ್/ಓಎಸ್‌ನ ಪೂರ್ವಜ ಎಂವಿಎಸ್ ವ್ಯವಸ್ಥೆಯ ಜೆಸ್2 ಆಯಿತು. ಜೆಸ್2 ಕನ್ಸೋಲಿಗೆ ಕಳಿಸುವ ಸಂದೇಶಗಳ ಸಂಖ್ಯೆಯ ಮುಂದೆ ಆ ಹಳೆಯ ಹೆಸರೇ ಇನ್ನೂ ಉಳಿದಿದೆ.

ಇನ್ನೊಂದು ಕಡೆ, ಕಚೇರಿಯ ಪ್ರಿಂಟರುಗಳು ಬೆಳೆದದ್ದು ಯೂನಿಕ್ಸ್ ಮತ್ತು ಪರ್ಸನಲ್ ಕಂಪ್ಯೂಟರುಗಳ ನೆರಳಿನಲ್ಲಿ. ಅವುಗಳ ಅಕ್ಷರ ಸಂಕೇತ ಆಸ್ಕಿ. ಸಾಲು ಮುಗಿದದ್ದನ್ನು ಸೂಚಿಸಲು ಅವು ಬೈಟುಗಳ ಹರಿವಿನಲ್ಲೇ ಒಂದು ಗುರುತು ಹಾಕುತ್ತವೆ. ಬರ್ಕ್ಲಿ ಯೂನಿಕ್ಸಿನ ಎಲ್‌ಪಿಡಿ ಎಂಬ ಮುದ್ರಣ ಸೇವೆ ಹೇಗೆ ಮಾತಾಡುತ್ತದೆ ಎಂಬುದನ್ನು 1990ರ ಆಗಸ್ಟ್‌ನಲ್ಲಿ ಆರ್‌ಎಫ್‌ಸಿ 1179 ಎಂಬ ದಾಖಲೆಯಾಗಿ ಬರೆದಿಟ್ಟರು. ಅದು ಆಗಲೇ ಬಳಕೆಯಲ್ಲಿದ್ದ ರೂಢಿಯ ವರ್ಣನೆಯೇ ಹೊರತು ಕಟ್ಟುನಿಟ್ಟಿನ ಪ್ರಮಾಣಕವಲ್ಲ. ಒಬ್ಬೊಬ್ಬ ತಯಾರಕ ಅದನ್ನು ಒಂದೊಂದು ರೀತಿ ಓದಿಕೊಂಡ. ಇಂದು ಕಾಣುವ ತೊಂದರೆಗಳಲ್ಲಿ ದೊಡ್ಡ ಪಾಲು ಅಲ್ಲಿಂದ ಬಂದದ್ದು.

ಕೈ ಬದಲಾಗುವ ಜಾಗಗಳು

ವರದಿಯ ದಾರಿಯನ್ನು ಒಮ್ಮೆ ನಡೆದು ನೋಡೋಣ. ಪ್ರೋಗ್ರಾಮು ಸಾಲುಗಳನ್ನು ಜೆಸ್2 ಸ್ಪೂಲಿಗೆ ಬರೆಯುತ್ತದೆ. ಜಾಬ್ ಮುಗಿದ ಮೇಲೆ ಆ ಔಟ್‌ಪುಟ್ ತನ್ನ ಕ್ಲಾಸು, ಫಾರ್ಮು, ತಲುಪಬೇಕಾದ ಜಾಗದ ಹೆಸರು ಹೊತ್ತು ಸರದಿಯಲ್ಲಿ ನಿಲ್ಲುತ್ತದೆ. ಇನ್ಫೋಪ್ರಿಂಟ್ ಸರ್ವರ್‌ನ ಐಪಿ ಪ್ರಿಂಟ್‌ವೇ ಅಥವಾ ಎಲ್‌ಆರ್‌ಎಸ್ ಕಂಪನಿಯ ವಿಪಿಎಸ್‌ನಂಥ ಮುದ್ರಣ ತಂತ್ರಾಂಶ ಅದನ್ನು ಎತ್ತಿಕೊಂಡು, ಮೇನ್‌ಫ್ರೇಮ್‌ನ ಎಬ್ಸಿಡಿಕ್ ಸಂಕೇತದ ಅಕ್ಷರಗಳನ್ನು ಆಸ್ಕಿಗೆ ತಿರುಗಿಸಿ, ಕಾಗದದ ಚಲನೆಯ ಬೈಟುಗಳನ್ನು ಪ್ರಿಂಟರಿಗೆ ತಿಳಿಯುವ ಗುರುತುಗಳಾಗಿ ಬದಲಿಸಿ, ಟಿಸಿಪಿ ಸಂಪರ್ಕದ ಮೇಲೆ ಬಿಡುತ್ತದೆ. ಆಚೆ ಕಡೆ ಪ್ರಿಂಟ್ ಸರ್ವರೋ ಪ್ರಿಂಟರಿನೊಳಗಿನ ಕಾರ್ಡೋ ಅದನ್ನು ಪಡೆಯುತ್ತದೆ. ಕೊನೆಗೆ ಪಿಸಿಎಲ್ ಅಥವಾ ಪೋಸ್ಟ್‌ಸ್ಕ್ರಿಪ್ಟ್ ಭಾಷೆಯ ವ್ಯಾಖ್ಯಾನಕಾರ ಚಿತ್ರ ಕಟ್ಟಿ ಕಾಗದಕ್ಕೆ ಇಳಿಸುತ್ತದೆ.

ಈ ದಾರಿಯ ಪ್ರತಿ ಹಂತವೂ 'ಮುಗಿಯಿತು' ಎಂದು ವರದಿ ಮಾಡುತ್ತದೆ. ಆ ಮಾತಿನ ಅರ್ಥ 'ನನ್ನ ಕೈಯಿಂದ ಮುಂದಿನವರ ಕೈಗೆ ಕೊಟ್ಟೆ' ಎಂದಷ್ಟೇ. ಊರಿನ ಬಸ್ಸಿಗೆ ಹಾಕಿದ ಪಾರ್ಸಲ್ಲಿಗೆ ಕಂಡಕ್ಟರ್ ಕೊಟ್ಟ ಚೀಟಿ ಪಾರ್ಸಲ್ ಬಸ್ಸು ಹತ್ತಿದ್ದಕ್ಕೆ ಸಾಕ್ಷಿಯೇ ಹೊರತು ಮನೆ ಸೇರಿದ್ದಕ್ಕಲ್ಲ. ಜೆಸ್2 ಔಟ್‌ಪುಟ್ಟನ್ನು ಅಳಿಸಿತು ಎಂದರೆ ಮುದ್ರಣ ತಂತ್ರಾಂಶ ಒಪ್ಪಿಕೊಂಡಿತು ಎಂದು. ಎಲ್‌ಪಿಡಿ ಸೊನ್ನೆ ಬೈಟ್ ಉತ್ತರ ಕೊಟ್ಟಿತು ಎಂದರೆ ದತ್ತಾಂಶ ಸಿಕ್ಕಿತು ಎಂದು. ದೋಷ ಪತ್ತೆಯೆಂದರೆ ವರದಿ ಕೊನೆಯ ಬಾರಿ ಯಾರ ಕೈಯಲ್ಲಿ ಸುಸ್ಥಿತಿಯಲ್ಲಿತ್ತು ಎಂದು ಕಂಡುಹಿಡಿಯುವುದು. ಇದನ್ನು ಬಿಟ್ಟು ಮೊದಲೇ ಪ್ರಿಂಟರ್ ಆಫ್ ಮಾಡಿ ಆನ್ ಮಾಡುವ ಅಭ್ಯಾಸ ಎಲ್ಲೆಡೆ ಇದೆ. ಅದರಿಂದ ಕೆಲವೊಮ್ಮೆ ಕೆಲಸ ಆಗುತ್ತದೆ, ಆದರೆ ಸಾಕ್ಷ್ಯವೆಲ್ಲ ಅಳಿಸಿಹೋಗಿ ಅದೇ ತೊಂದರೆ ಮುಂದಿನ ವಾರ ಮತ್ತೆ ಬರುತ್ತದೆ.

ಯಾರ ಕೈ ಎಂದು ತಿಳಿಯಲು ಕನ್ಸೋಲ್ ಲಾಗಿನ ಸಂದೇಶಗಳ ತಲೆಯಕ್ಷರಗಳೇ ಸಾಕಷ್ಟು ನೆರವಾಗುತ್ತವೆ. ಹ್ಯಾಸ್ಪ್ ಎಂದಿದ್ದರೆ ಜೆಸ್2, ಎಒಪಿ ಎಂದಿದ್ದರೆ ಇನ್ಫೋಪ್ರಿಂಟ್ ಸರ್ವರ್, ಎಪಿಎಸ್ ಎಂದಿದ್ದರೆ ಪಿಎಸ್‌ಎಫ್ ಎಂಬ ಮುದ್ರಣ ಸೇವೆ, ಇಝಡ್‌ನಿಂದ ಶುರುವಾದರೆ ಟಿಸಿಪಿ/ಐಪಿ.

ಸ್ಪೂಲಿನಲ್ಲೇ ಉಳಿದ ವರದಿ

ಬಾರದ ಪ್ರಿಂಟುಗಳಲ್ಲಿ ಎಷ್ಟೋ ಮೇನ್‌ಫ್ರೇಮ್ ಬಿಟ್ಟು ಹೊರಟೇ ಇರುವುದಿಲ್ಲ. ಸ್ಪೂಲನ್ನು ತೋರಿಸುವ ಎಸ್‌ಡಿಎಸ್‌ಎಫ್ ಪರದೆಯಲ್ಲಿ ಔಟ್‌ಪುಟ್ ಸರದಿ, ತಡೆಹಿಡಿದ ಸರದಿ, ಪ್ರಿಂಟರುಗಳ ಪಟ್ಟಿ, ಈ ಮೂರನ್ನು ನೋಡಿದರೆ ಅದು ಗೊತ್ತಾಗುತ್ತದೆ. ಔಟ್‌ಪುಟ್ ಕ್ಲಾಸನ್ನೇ ಹೋಲ್ಡ್ ಎಂದು ನಿಗದಿ ಮಾಡಿದ್ದರೆ ಯಾರಾದರೂ ಬಿಡುಗಡೆ ಮಾಡುವ ತನಕ ಅದು ಅಲ್ಲೇ. ಜೆಸ್2 ಪ್ರಿಂಟರು ಯಾವ ಔಟ್‌ಪುಟ್ಟನ್ನು ಎತ್ತಿಕೊಳ್ಳಬೇಕು ಎಂಬುದಕ್ಕೆ ಆಯ್ಕೆಯ ನಿಯಮಗಳಿವೆ: ಕ್ಲಾಸು, ಫಾರ್ಮಿನ ಹೆಸರು, ರೈಟರ್ ಹೆಸರು, ತಲುಪುವ ಜಾಗ, ಎಫ್‌ಸಿಬಿ. ಇವುಗಳಲ್ಲಿ ಒಂದು ಹೊಂದದಿದ್ದರೂ ಪ್ರಿಂಟರು ಖಾಲಿ ಕೂತಿರುತ್ತದೆ, ವರದಿಯೂ ಪಕ್ಕದಲ್ಲೇ ಕಾಯುತ್ತಿರುತ್ತದೆ, ಎರಡರಲ್ಲೂ ತಪ್ಪೆಂದು ತೋರುವ ಸಂದೇಶ ಒಂದೂ ಇರುವುದಿಲ್ಲ. ಹೊಸಬರನ್ನು ಹೆಚ್ಚು ಹೊತ್ತು ಅಲೆದಾಡಿಸುವ ದೋಷ ಇದೇ. ಜಾಬ್‌ನ ಜೆಸಿಎಲ್ ಆದೇಶಗಳಲ್ಲಿ ಬರೆದ ಫಾರ್ಮಿನ ಹೆಸರನ್ನೂ ಪ್ರಿಂಟರಿಗೆ ಈಗ ಹಾಕಿರುವ ಫಾರ್ಮಿನ ಹೆಸರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಾಮಾನ್ಯವಾಗಿ ಉತ್ತರ ಸಿಗುತ್ತದೆ. ಫಾರ್ಮು ಬದಲಿಸಬೇಕೆಂದು ಪ್ರಿಂಟರು ಕಾಯುತ್ತಿದ್ದರೆ ಹ್ಯಾಸ್ಪ್190 ಸಂದೇಶ ಕನ್ಸೋಲಿನಲ್ಲಿ ಉತ್ತರಕ್ಕಾಗಿ ಕೂತಿರುತ್ತದೆ. ಭದ್ರತೆಯ ಕಾರಣದಿಂದಲೂ ತಡೆ ಬರಬಹುದು: ಯಾರ ಔಟ್‌ಪುಟ್ ಯಾವ ಪ್ರಿಂಟರಿಗೆ ಹೋಗಬಹುದು ಎಂದು ರಾಕ್‌ಎಫ್ ಎಂಬ ಭದ್ರತಾ ತಂತ್ರಾಂಶದ ರೈಟರ್ ವರ್ಗದ ಪ್ರೊಫೈಲುಗಳು ನಿರ್ಧರಿಸುತ್ತವೆ.

ದೂರದಲ್ಲಿ ಸತ್ತುಬಿದ್ದ ಒಂದು ಪ್ರಿಂಟರು ಇಡೀ ವ್ಯವಸ್ಥೆಗೆ ಕುತ್ತಾಗುವುದೂ ಇಲ್ಲಿಯೇ. ಹೊರಹೋಗದ ವರದಿಗಳು ಸ್ಪೂಲಿನಲ್ಲಿ ಪೇರುತ್ತಾ ಹೋದಂತೆ, ಎಚ್ಚರಿಕೆಯ ಮಿತಿಯನ್ನು ಶೇಕಡಾ 80ಕ್ಕೆ ಇಟ್ಟಿದ್ದರೆ ಆ ಮಟ್ಟದಲ್ಲಿ ಹ್ಯಾಸ್ಪ್050 ಸಂದೇಶ ಬರುತ್ತದೆ. ಸ್ಪೂಲ್ ತುಂಬಿಹೋದರೆ ಹೊಸ ಜಾಬ್‌ಗಳೇ ಒಳಗೆ ಬರಲಾರವು. ಆಗ ಮುದ್ರಣದ ತೊಂದರೆ ಮುದ್ರಣದ ತೊಂದರೆಯಾಗಿ ಉಳಿದಿರುವುದಿಲ್ಲ.

ಸಂಪರ್ಕದ ತೊಂದರೆಗಳು

ಮೇನ್‌ಫ್ರೇಮ್‌ನಿಂದ ಹೊರಟದ್ದು ಖಚಿತವಾದರೆ ಮುಂದಿನದು ಜಾಲ. ಪಿಂಗ್ ಮಾಡಿ ನೋಡುವುದು ಎಲ್ಲರೂ ಮಾಡುವ ಕೆಲಸ. ಅದರ ಫಲಿತಾಂಶವನ್ನು ಅತಿಯಾಗಿ ನಂಬುವುದೂ ಎಲ್ಲರೂ ಮಾಡುವ ಕೆಲಸ. ಫೈರ್‌ವಾಲ್ ಪಿಂಗ್ ಪ್ಯಾಕೆಟ್ಟನ್ನು ತಡೆದು ಮುದ್ರಣವನ್ನು ಬಿಡಬಹುದು, ಪಿಂಗ್ ಬಿಟ್ಟು ಮುದ್ರಣವನ್ನು ತಡೆಯಲೂಬಹುದು. ನೋಡಬೇಕಾದದ್ದು ಪೋರ್ಟ್: ಎಲ್‌ಪಿಡಿಗೆ 515, ಪ್ರಿಂಟರಿಗೆ ನೇರ ಬೈಟು ಸುರಿಯುವ ವಿಧಾನಕ್ಕೆ 9100, ಇಂಟರ್‌ನೆಟ್ ಮುದ್ರಣ ಪ್ರೋಟೋಕಾಲ್ ಆದ ಐಪಿಪಿಗೆ 631. ಝಡ್/ಓಎಸ್‌ನಲ್ಲಿ ಆದೇಶ ಕೊಡುವ ಟಿಎಸ್‌ಓ ಪರದೆಯಲ್ಲಿ ಎಲ್‌ಪಿಕ್ಯೂ ಆದೇಶ ಕೊಟ್ಟರೆ ಕಾಗದ ವ್ಯಯಿಸದೆ 515 ತೆರೆದಿದೆಯೇ, ಆ ಕ್ಯೂ ಇದೆಯೇ ಎಂದು ತಿಳಿಯುತ್ತದೆ.

ಸಂಪರ್ಕ ಆಗದಿದ್ದಾಗ ಹೇಗೆ ಆಗಲಿಲ್ಲ ಎಂಬುದು ಮುಖ್ಯ. ತಕ್ಷಣ ನಿರಾಕರಣೆ ಬಂದರೆ ಆ ವಿಳಾಸದಲ್ಲಿ ಯಂತ್ರವೊಂದು ಎಚ್ಚರವಾಗಿದೆ, ಆ ಪೋರ್ಟಿನಲ್ಲಿ ಕೇಳುವವರು ಇಲ್ಲ; ಝಡ್/ಓಎಸ್‌ನ ಸಿ ಭಾಷೆಯ ಸಾಕೆಟ್ ಕರೆಗಳಲ್ಲಿ ಇದರ ಸಂಖ್ಯೆ 1128. ಬಹಳ ಹೊತ್ತು ಕಾದು ಟೈಮ್ ಔಟ್ ಆದರೆ, ಅಂದರೆ 1127 ಬಂದರೆ, ಉತ್ತರವೇ ಬರುತ್ತಿಲ್ಲ: ಯಂತ್ರ ಆರಿದೆ, ವಿಳಾಸ ಬದಲಾಗಿದೆ ಅಥವಾ ದಾರಿಯಲ್ಲಿ ಫೈರ್‌ವಾಲ್ ಸದ್ದಿಲ್ಲದೆ ಪ್ಯಾಕೆಟ್ಟುಗಳನ್ನು ಬಿಸಾಡುತ್ತಿದೆ. ಪ್ರಿಂಟರಿಗೆ ಡಿಎಚ್‌ಸಿಪಿಯಿಂದ ವಿಳಾಸ ಸಿಗುವಂತೆ ಬಿಟ್ಟ ಕಚೇರಿಗಳಲ್ಲಿ ಕರೆಂಟು ಹೋಗಿ ಬಂದ ಮರುದಿನ ಈ ದೂರು ಬರುವುದು ಮಾಮೂಲು. ಮೇನ್‌ಫ್ರೇಮ್‌ನಿಂದ ಬಳಸುವ ಪ್ರಿಂಟರಿಗೆ ಕಾಯಂ ವಿಳಾಸ ಕೊಡಲೇಬೇಕು. ಇದರಲ್ಲಿ ರಾಜಿ ಸಲ್ಲದು.

ಮೂರನೆಯ ಸಂಖ್ಯೆ 1115, ವಿಳಾಸ ಆಗಲೇ ಬಳಕೆಯಲ್ಲಿದೆ ಎಂಬುದು. ಇದರ ಹಿಂದಿನ ಕಥೆ ತಿಳಿಯಬೇಕಾದದ್ದು. ಆರ್‌ಎಫ್‌ಸಿ 1179ರ ಪ್ರಕಾರ, ಎಲ್‌ಪಿಡಿಗೆ ಮುದ್ರಣ ಕಳಿಸುವ ಎಲ್‌ಪಿಆರ್ ಕಡೆಯ ಪೋರ್ಟ್ ಸಂಖ್ಯೆ 721ರಿಂದ 731ರೊಳಗೆ ಇರಬೇಕು. 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು ಅಧಿಕಾರವಿರುವ ಪ್ರೋಗ್ರಾಮು ಮಾತ್ರ ತೆರೆಯಬಲ್ಲದು, ಹಾಗಾಗಿ ಅಲ್ಲಿಂದ ಬಂದ ಕೋರಿಕೆ ನಂಬಲರ್ಹ ಎಂಬುದು ಯೂನಿಕ್ಸ್ ಕಾಲದ ವಿಶ್ವಾಸ. ಆ ವ್ಯಾಪ್ತಿಯಲ್ಲಿ ಇರುವುದು 11 ಪೋರ್ಟುಗಳು ಮಾತ್ರ. ಟಿಸಿಪಿ ಸಂಪರ್ಕ ಮುಚ್ಚಿದ ಮೇಲೂ ಮೊದಲು ಮುಚ್ಚಿದವರ ಕಡೆಯ ಪೋರ್ಟು ಟೈಮ್ ವೇಟ್ ಎಂಬ ಸ್ಥಿತಿಯಲ್ಲಿ ಸ್ವಲ್ಪ ಹೊತ್ತು ಬಂದ್ ಆಗಿರುತ್ತದೆ. ಅದು ಒಂದು ನಿಮಿಷ ಎಂದಿಟ್ಟುಕೊಂಡರೆ, ನಿಮಿಷಕ್ಕೆ 11 ಮುದ್ರಣದ ಮೇಲೆ ಹನ್ನೆರಡನೆಯದಕ್ಕೆ ಪೋರ್ಟೇ ಇಲ್ಲ. ಹಗಲೆಲ್ಲ ಚೆನ್ನಾಗಿ ನಡೆದ ಮುದ್ರಣ ರಾತ್ರಿ ಬ್ಯಾಚ್ ಜಾಬ್‌ಗಳು ನೂರಾರು ಚಿಕ್ಕ ವರದಿಗಳನ್ನು ಒಮ್ಮೆಗೇ ಕಳಿಸಿದಾಗ ಮಾತ್ರ ಕೆಡುತ್ತದೆ, ಆಮೇಲೆ ತಾನೇ ಸರಿಹೋಗುತ್ತದೆ. ಬೆಳಗ್ಗೆ ಬಂದು ಪರೀಕ್ಷೆ ಮಾಡಿದವರಿಗೆ ಏನೂ ಕಾಣುವುದಿಲ್ಲ. ದೋಷ ನಡೆಯುತ್ತಿರುವಾಗಲೇ ನೆಟ್‌ಸ್ಟ್ಯಾಟ್ ತೆಗೆದು 721–731ರ ಸಾಲುಗಳನ್ನು ನೋಡಿದರೆ ಎಲ್ಲವೂ ಟೈಮ್ ವೇಟ್‌ನಲ್ಲಿ ಸಾಲುಗಟ್ಟಿ ಕೂತಿರುವುದು ಕಾಣುತ್ತದೆ. ಈಗಿನ ಪ್ರಿಂಟರುಗಳಲ್ಲಿ ಹೆಚ್ಚಿನವು ಯಾವ ಪೋರ್ಟಿನಿಂದ ಬಂದರೂ ಒಪ್ಪುತ್ತವೆ. ಮುದ್ರಣ ತಂತ್ರಾಂಶದಲ್ಲಿ ಈ ನಿರ್ಬಂಧವನ್ನು ತೆಗೆದುಹಾಕಿದರೆ ತೊಂದರೆ ಬೇರುಸಹಿತ ಹೋಗುತ್ತದೆ.

ನೇರ ಪೋರ್ಟು 9100ರದ್ದು ಬೇರೆಯದೇ ಸ್ವಭಾವ. ಅಲ್ಲಿ ಸರದಿ ಎಂಬುದಿಲ್ಲ. ಹಲವು ಪ್ರಿಂಟರುಗಳು ಒಂದು ಹೊತ್ತಿಗೆ ಒಂದೇ ಸಂಪರ್ಕ ಒಪ್ಪುತ್ತವೆ. ಯಾರೋ ಕಚೇರಿಯ ಕಂಪ್ಯೂಟರಿನಿಂದ ನೂರು ಪುಟ ಕಳಿಸಿ, ನಡುವೆ ಕಾಗದ ಮುಗಿದು ನಿಂತಿದ್ದರೆ ಮೇನ್‌ಫ್ರೇಮ್‌ಗೆ ಬಾಗಿಲು ಮುಚ್ಚಿರುತ್ತದೆ.

ಕ್ಯೂ ಹೆಸರು ಮತ್ತು ನಿಯಂತ್ರಣ ಕಡತ

ಎಲ್‌ಪಿಆರ್ ಎರಡು ಕಡತ ಕಳಿಸುತ್ತದೆ. ಒಂದರಲ್ಲಿ ದತ್ತಾಂಶ, ಇನ್ನೊಂದರಲ್ಲಿ ಯಾರು ಕಳಿಸಿದ್ದು, ಜಾಬಿನ ಹೆಸರೇನು, ಹೇಗೆ ಮುದ್ರಿಸಬೇಕು ಎಂಬ ನಿಯಂತ್ರಣದ ಸಾಲುಗಳು. ಸಂಪರ್ಕದ ಮೊದಲ ಮಾತೇ ಕ್ಯೂವಿನ ಹೆಸರು. ಅದು ತಪ್ಪಿದರೆ ಆಚೆಯವರು ಸೊನ್ನೆಯಲ್ಲದ ಬೈಟು ಕೊಟ್ಟು ತಿರಸ್ಕರಿಸುತ್ತಾರೆ. ಮೇನ್‌ಫ್ರೇಮ್ ಜಗತ್ತಿನಲ್ಲಿ ಹೆಸರುಗಳು ದೊಡ್ಡಕ್ಷರದಲ್ಲಿರುವುದು ರೂಢಿ; ಯೂನಿಕ್ಸ್ ಪ್ರಿಂಟ್ ಸರ್ವರು ದೊಡ್ಡಕ್ಷರ, ಸಣ್ಣಕ್ಷರಗಳನ್ನು ಬೇರೆ ಬೇರೆ ಹೆಸರೆಂದೇ ತಿಳಿಯುತ್ತದೆ. ಎಚ್‌ಪಿಯ ಜೆಟ್‌ಡೈರೆಕ್ಟ್ ಕಾರ್ಡುಗಳಲ್ಲಿ ಕ್ಯೂವಿನ ಹೆಸರಿಗೆ ಅರ್ಥವೂ ಇದೆ: 'ರಾ' ಎಂಬ ಕ್ಯೂ ಬಂದ ಬೈಟುಗಳನ್ನು ಮುಟ್ಟದೆ ಕೊಡುತ್ತದೆ, 'ಟೆಕ್ಸ್ಟ್' ಎಂಬುದು ಸಾಲಿನ ಕೊನೆಯಲ್ಲಿ ಸೇರಿಸಬೇಕಾದ್ದನ್ನು ಸೇರಿಸುತ್ತದೆ.

ನಿಯಂತ್ರಣ ಕಡತದಲ್ಲಿ ದತ್ತಾಂಶದ ಬಗೆಯನ್ನು ಹೇಳುವ ಅಕ್ಷರವೊಂದಿದೆ. ಸಣ್ಣ ಎಫ್ ಎಂದರೆ ಸರಳ ಪಠ್ಯ. ಟ್ಯಾಬು, ಸಾಲಿನ ಅಂತ್ಯ, ಪುಟದ ಅಂತ್ಯದಂಥ ಕೆಲವನ್ನು ಬಿಟ್ಟು ಉಳಿದ ನಿಯಂತ್ರಣ ಸಂಕೇತಗಳನ್ನು ಎಸೆಯಬೇಕು ಎಂದು ದಾಖಲೆ ಹೇಳುತ್ತದೆ. ಸಣ್ಣ ಎಲ್ ಎಂದರೆ ಎಲ್ಲವನ್ನೂ ಹಾಗೇ ಬಿಡಬೇಕು. ವರದಿಯ ತಲೆಯಲ್ಲಿ ಕಾಗದ ಅಡ್ಡ ಮಾಡು ಎಂಬ ಪಿಸಿಎಲ್ ಆಜ್ಞೆ ಇದ್ದು ಸಣ್ಣ ಎಫ್ ಎಂದು ಕಳಿಸಿದರೆ, ನಿಯಮ ಪಾಲಿಸುವ ಸರ್ವರು ಆಜ್ಞೆಯ ಮುಂದಿನ ಇಸ್ಕೇಪ್ ಬೈಟನ್ನು ಕಿತ್ತು ಉಳಿದದ್ದನ್ನು ಪಠ್ಯವೆಂದು ಮುದ್ರಿಸುತ್ತದೆ. ಪುಟದ ಮೂಲೆಯಲ್ಲಿ ಅರ್ಥವಿಲ್ಲದ ಅಕ್ಷರ, ಅಂಕಿಗಳ ತುಣುಕು, ಕಾಗದ ಉದ್ದಕ್ಕೇ. ಪ್ರಿಂಟರಿನೊಳಗೇ ಇರುವ ಎಷ್ಟೋ ಎಲ್‌ಪಿಡಿಗಳು ಈ ಕಡತವನ್ನು ಬಹುಮಟ್ಟಿಗೆ ಲೆಕ್ಕಿಸುವುದೇ ಇಲ್ಲ. ಹೀಗಾಗಿ ಪ್ರಿಂಟರಿಗೆ ನೇರ ಕಳಿಸಿದಾಗ ಸರಿಬಂದದ್ದು ಸರ್ವರಿನ ಮೂಲಕ ಕಳಿಸಿದಾಗ ಕೆಡುತ್ತದೆ.

ಕೆಟ್ಟ ಪುಟವನ್ನು ಓದುವುದು

ಕಾಗದ ಬಂದಿದೆ, ಓದಲಾಗುತ್ತಿಲ್ಲ ಎಂಬ ದೂರಿಗೆ ಉತ್ತರ ಆ ಕಾಗದದಲ್ಲೇ ಬರೆದಿರುತ್ತದೆ. ದೂರದಲ್ಲಿರುವವರು ಮೊದಲು ಕೇಳಬೇಕಾದದ್ದು ಪುಟದ ಫೋಟೊ. 'ಏನೇನೋ ಬಂದಿದೆ' ಎಂಬ ವಿವರಣೆಯ ಮೇಲೆ ಗಂಟೆಗಟ್ಟಲೆ ಕೆಲಸ ಮಾಡುವುದಕ್ಕಿಂತ ಒಂದು ಫೋಟೊ ನೋಡುವುದು ಮೇಲು.

ಪುಟದ ತುಂಬ @ ಚಿಹ್ನೆಗಳು ಹರಡಿದ್ದರೆ ಅನುಮಾನವೇ ಬೇಡ: ಎಬ್ಸಿಡಿಕ್ ಬೈಟುಗಳು ತಿರುಗಿಸದೆ ಹೋಗಿವೆ. ಎಬ್ಸಿಡಿಕ್‌ನಲ್ಲಿ ಖಾಲಿ ಜಾಗದ ಸಂಕೇತ ಹದಿನಾರರ ಎಣಿಕೆಯಲ್ಲಿ 40, ಆಸ್ಕಿಯಲ್ಲಿ ಅದೇ 40 ಎಂದರೆ @. ವರದಿಯಲ್ಲಿ ಖಾಲಿ ಜಾಗವೇ ಹೆಚ್ಚಾದ್ದರಿಂದ ಪುಟವೆಲ್ಲ ಅದೇ ಚಿಹ್ನೆ. ಅಂಕಿಗಳು ಎಬ್ಸಿಡಿಕ್‌ನಲ್ಲಿ ಎಫ್0ಯಿಂದ ಎಫ್9ರವರೆಗೆ, ಆಸ್ಕಿಯಲ್ಲಿ 30ರಿಂದ 39ರವರೆಗೆ. ಹಾಗಾಗಿ ಅಂಕಿಯ ಕಾಲಮುಗಳಿರಬೇಕಾದ ಕಡೆ ಯುರೋಪಿನ ಭಾಷೆಗಳ ವಿಚಿತ್ರ ಅಕ್ಷರಗಳು ಕಾಣುತ್ತವೆ. ಎಲ್‌ಪಿಆರ್ ಆದೇಶಕ್ಕೆ ಬೈನರಿ ಎಂಬ ಆಯ್ಕೆ ಕೊಟ್ಟುಬಿಟ್ಟಿರುವುದು ಸಾಮಾನ್ಯ ಕಾರಣ. ಇದಕ್ಕೆ ತಿರುವುಮುರುವಾದದ್ದೂ ಇದೆ: ಪಿಡಿಎಫ್ ಕಡತವನ್ನು ಪಠ್ಯವೆಂದು ತಿಳಿದು ತಿರುಗಿಸಿದರೆ ಅದು ನಾಶವಾಗುತ್ತದೆ, ಪ್ರಿಂಟರು ಕಸದ ಪುಟಗಳನ್ನು ಉಗುಳುತ್ತದೆ. ಅಲ್ಲಿ ಬೈನರಿ ಬೇಕೇಬೇಕು.

ಒಂದೆರಡು ಚಿಹ್ನೆ ಮಾತ್ರ ತಪ್ಪಿದ್ದರೆ ಕೋಡ್ ಪೇಜ್ ನೋಡಬೇಕು. ಎಬ್ಸಿಡಿಕ್ ಎಂಬುದು ಒಂದೇ ಪಟ್ಟಿಯಲ್ಲ. ಚೌಕಾವರಣ ಚಿಹ್ನೆಗಳು ಕೋಡ್ ಪೇಜ್ 037ರಲ್ಲಿ ಬಿಎ, ಬಿಬಿ ಜಾಗದಲ್ಲಿದ್ದರೆ 1047ರಲ್ಲಿ ಎಡಿ, ಬಿಡಿ ಜಾಗದಲ್ಲಿವೆ. ಅಮೆರಿಕದ 037ರಲ್ಲಿ ಡಾಲರ್ ಇರುವ 5ಬಿ ಜಾಗದಲ್ಲಿ ಬ್ರಿಟನ್ನಿನ 285ರಲ್ಲಿ ಪೌಂಡ್ ಇದೆ. ಲೆಕ್ಕಪತ್ರದಲ್ಲಿ ನಾಣ್ಯದ ಗುರುತೇ ಬದಲಾಗಿ ಅಚ್ಚಾಗುವುದು ಸಣ್ಣ ದೋಷವಲ್ಲ. 2010ರಲ್ಲಿ ಭಾರತ ಸ್ವೀಕರಿಸಿದ ₹ ಚಿಹ್ನೆಗೆ 037ರಲ್ಲಿ ಜಾಗವೇ ಇಲ್ಲ. ಅದು ಆ ವರ್ಷ ಸೇರಿದ್ದು ಯೂನಿಕೋಡಿಗೆ.

ಕನ್ನಡದ ವರದಿಯನ್ನು ಈ ಸಾಲು ಮುದ್ರಣದ ದಾರಿಯಲ್ಲಿ ಕಳಿಸಲು ಹೊರಟರೆ ಗೋಡೆ ಇನ್ನೂ ಎತ್ತರ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟು ಬೇಕು. 'ಕ್ಷ' ಎಂಬ ಒಂದು ಅಕ್ಷರದಲ್ಲಿ ಕ, ವಿರಾಮ (ಹಲಂತ) ಚಿಹ್ನೆ, ಷ ಸೇರಿ ಮೂರು ಸಂಕೇತ, ಅಂದರೆ 9 ಬೈಟು. 132 ಬೈಟಿನ ಸಾಲಿನಲ್ಲಿ ಹಿಡಿಸುವುದು 44 ಸಂಕೇತ. ಬೈಟು ಎಣಿಸಿ ಕಾಲಮ್ ಜೋಡಿಸುವ ಪ್ರೋಗ್ರಾಮು ಅಕ್ಷರವನ್ನು ನಡುವೆಯೇ ಕತ್ತರಿಸಬಹುದು. ಕತ್ತರಿಸದಿದ್ದರೂ ಒತ್ತಕ್ಷರ ಜೋಡಿಸುವ ಶಕ್ತಿ ಸಾಲು ಮುದ್ರಣದ ಫಾಂಟುಗಳಿಗಿಲ್ಲ. ವರದಿಯನ್ನು ಮೊದಲೇ ಪಿಡಿಎಫ್ ಆಗಿ ರೂಪಿಸಿ ಬೈನರಿಯಾಗಿ ಕಳಿಸುವುದು ನಡೆಯುವ ದಾರಿ.

ಸಾಲುಗಳು ಮೆಟ್ಟಿಲಿನಂತೆ ಬಲಕ್ಕೆ ಜಾರುತ್ತ ಹೋದರೆ, ಸಾಲಿನ ಅಂತ್ಯದ ಗುರುತು ಅರ್ಧ ಹೋಗಿದೆ. ಸ್ಪೂಲಿನ ರೆಕಾರ್ಡುಗಳಲ್ಲಿ ಅಂತ್ಯದ ಗುರುತೇ ಇರುವುದಿಲ್ಲ. ಕಳಿಸುವ ತಂತ್ರಾಂಶ ಅದನ್ನು ಸೇರಿಸಬೇಕು. ಕೆಳಗಿಳಿ ಎಂಬ ಸಂಕೇತ ಮಾತ್ರ ಹೋಗಿ ಎಡಕ್ಕೆ ಬಾ ಎಂಬುದು ಹೋಗದಿದ್ದರೆ ಈ ರೂಪ ಬರುತ್ತದೆ. ತಂತ್ರಾಂಶದಲ್ಲಿ ಎರಡನ್ನೂ ಸೇರಿಸಬಹುದು ಅಥವಾ ಪ್ರಿಂಟರಿನಲ್ಲೇ ಅದನ್ನು ಊಹಿಸಿಕೊಳ್ಳುವಂತೆ ಹೊಂದಿಸಬಹುದು. ಎರಡೂ ಕಡೆ ಮಾಡಿದರೂ ಸಾಮಾನ್ಯವಾಗಿ ಹಾನಿಯಿಲ್ಲ.

ಎಡಗಡೆಯ ಮೊದಲ ಕಾಲಮಿನಲ್ಲಿ 1, 0, ಅಡ್ಡಗೆರೆ, ಕೂಡುವ ಚಿಹ್ನೆ ಕಾಣಿಸಿಕೊಂಡರೆ ಅವು ಕಾಗದದ ಚಲನೆಯ ಬೈಟುಗಳು. ಆನ್ಸಿ ಪದ್ಧತಿಯಲ್ಲಿ 1 ಎಂದರೆ ಹೊಸ ಪುಟ, 0 ಎಂದರೆ ಒಂದು ಸಾಲು ಬಿಟ್ಟು ಮುಂದಿನದು, ಅಡ್ಡಗೆರೆ ಎಂದರೆ ಎರಡು ಸಾಲು ಬಿಡುವುದು, ಕೂಡುವ ಚಿಹ್ನೆ ಎಂದರೆ ಅದೇ ಸಾಲಿನ ಮೇಲೆ ಮತ್ತೆ ಅಚ್ಚು. ಡೇಟಾಸೆಟ್ಟಿನ ರೆಕಾರ್ಡ್ ಬಗೆ ಎಫ್‌ಬಿಎ ಎಂದಿದ್ದರೆ ತಂತ್ರಾಂಶ ಇವನ್ನು ಗುರುತಿಸುತ್ತದೆ. ಯಾರೋ ನಡುವೆ ಅದನ್ನು ಎಫ್‌ಬಿ ಎಂದು ನಕಲು ಮಾಡಿದರೆ ಕೊನೆಯ 'ಎ' ಹೋಯಿತು, ಬೈಟುಗಳು ಬರಿ ಅಕ್ಷರಗಳಾದವು, ಇಡೀ ವರದಿ ಪುಟ ಒಡೆಯದೆ ಒಂದೇ ಹರಿವಾಗಿ ಬಂತು. ಯಂತ್ರ ಸಂಕೇತದ ಪದ್ಧತಿಯಲ್ಲಿ, ಅಂದರೆ ಎಫ್‌ಬಿಎಂ ಎಂದಿದ್ದಾಗ, ಹದಿನಾರರ ಎಣಿಕೆಯ 09 'ಬರೆದು ಒಂದು ಸಾಲು ಇಳಿ' ಎಂದೂ 89 'ಬರೆದು ಹೊಸ ಪುಟಕ್ಕೆ ಹಾರು' ಎಂದೂ ಹೇಳುತ್ತದೆ. ಆನ್ಸಿಯಲ್ಲಿ ಮೊದಲು ಹಾರಿ ಆಮೇಲೆ ಬರೆಯುವುದು, ಇಲ್ಲಿ ಮೊದಲು ಬರೆದು ಆಮೇಲೆ ಹಾರುವುದು. ಒಂದನ್ನು ಇನ್ನೊಂದೆಂದು ತಿಳಿದರೆ ಪುಟದ ಶೀರ್ಷಿಕೆ ಹಿಂದಿನ ಪುಟದ ಬುಡಕ್ಕೆ ಹೋಗುತ್ತದೆ.

ಒಂದು ತುಂಬಿದ ಪುಟ, ಮರುಪುಟದಲ್ಲಿ ನಾಲ್ಕಾರು ಸಾಲು, ಮತ್ತೆ ತುಂಬಿದ ಪುಟ ಎಂದು ಬರುತ್ತಿದ್ದರೆ ಅದು ಉದ್ದದ ಲೆಕ್ಕ. 11 ಇಂಚಿನ ತೂತಿನಂಚಿನ ಕಾಗದದಲ್ಲಿ ಇಂಚಿಗೆ 6 ಸಾಲಿನಂತೆ 66 ಸಾಲು. ಅಷ್ಟೇ ಉದ್ದದ ಅಮೆರಿಕದ ಲೆಟರ್ ಕಾಗದದಲ್ಲಿ ಪಿಸಿಎಲ್ ಪ್ರಿಂಟರು ಮೇಲೆ ಕೆಳಗೆ ಅರ್ಧರ್ಧ ಇಂಚು ಬಿಟ್ಟು 60 ಸಾಲು ಮಾತ್ರ ಕೂರಿಸುತ್ತದೆ, ಎ4ನಲ್ಲಿ 64. ಉಳಿದ ಸಾಲುಗಳು ಮುಂದಿನ ಪುಟಕ್ಕೆ ಚೆಲ್ಲುತ್ತವೆ. 55 ಸಾಲಿಗೆ ಪುಟ ಮುರಿಯುವ ವರದಿಗಳಿಗೆ ಏನೂ ಆಗುವುದಿಲ್ಲವಾದ್ದರಿಂದ 'ಅದೇ ಪ್ರಿಂಟರು, ಆ ವರದಿ ಸರಿ, ಈ ವರದಿ ತಪ್ಪು' ಎಂಬ ವಾದ ಹುಟ್ಟುತ್ತದೆ. ಇಂಚಿಗೆ 8 ಸಾಲು ಮಾಡುವ ಆಜ್ಞೆ ವರದಿಯ ಮುಂದೆ ಹೋಗುವಂತೆ ಹೊಂದಿಸಿದರೆ ಸರಿಹೋಗುತ್ತದೆ. ಅಗಲದ್ದೂ ಹಾಗೆಯೇ: ಇಂಚಿಗೆ 10 ಅಕ್ಷರದಂತೆ 132 ಅಕ್ಷರಕ್ಕೆ 13.2 ಇಂಚು ಬೇಕು, 16.67ರಂತೆ ಇಟ್ಟರೆ ಸುಮಾರು 7.9 ಇಂಚಿನಲ್ಲಿ ಮುಗಿಯುತ್ತದೆ.

ಚಿಕ್ಕದು ಹೋಗುತ್ತದೆ, ದೊಡ್ಡದು ನಿಲ್ಲುತ್ತದೆ

ಒಂದು ಪುಟದ ಪರೀಕ್ಷೆ ಸರಿಯಾಗಿ ಬಂದು ದೊಡ್ಡ ವರದಿ ಪ್ರತಿ ಸಲ ಶುರುವಿನಲ್ಲೇ ಸಿಕ್ಕಿಬಿದ್ದರೆ ಪ್ಯಾಕೆಟ್ಟಿನ ಗಾತ್ರವನ್ನು ಶಂಕಿಸಬೇಕು. ಮೇನ್‌ಫ್ರೇಮ್‌ನ ಓಎಸ್‌ಎ ಜಾಲ ಕಾರ್ಡಿಗೆ 8992 ಬೈಟಿನ ದೊಡ್ಡ ಪ್ಯಾಕೆಟ್ಟಿನ ಮಿತಿ ಕೊಟ್ಟಿರಬಹುದು. ದಾರಿಯಲ್ಲಿ ಎಲ್ಲೋ ಸುಮಾರು ಒಂದೂವರೆ ಸಾವಿರ ಬೈಟಿನ ಮಿತಿಯ ಅಥವಾ ಅದಕ್ಕಿಂತ ಕಿರಿದಾದ ಕೊಂಡಿ ಇರುತ್ತದೆ. ಗಾತ್ರ ಇಳಿಸು ಎಂದು ರೂಟರು ಕಳಿಸುವ ಐಸಿಎಂಪಿ ಸಂದೇಶವನ್ನು ಫೈರ್‌ವಾಲ್ ತಡೆದರೆ ಕಳಿಸುವವರಿಗೆ ತಿಳಿಯುವುದೇ ಇಲ್ಲ. ಸಣ್ಣ ಪಿಂಗ್ ಸಲೀಸಾಗಿ ಹೋಗಿ ಬರುತ್ತದೆ. ಉದ್ದ ಹೆಚ್ಚಿಸಿ ಪಿಂಗ್ ಮಾಡಿದಾಗ ಗುಟ್ಟು ಹೊರಬೀಳುತ್ತದೆ.

ನಿಲ್ಲುವ ಜಾಗ ಪ್ರತಿ ಸಲ ಬೇರೆಯಾಗಿದ್ದರೆ ಕಾರಣ ಪ್ರಿಂಟರಿನಲ್ಲಿ. ಕಾಗದ ಮುಗಿದರೆ, ಸಿಕ್ಕಿಕೊಂಡರೆ ಅದು ಓದುವುದನ್ನು ನಿಲ್ಲಿಸಿ ಟಿಸಿಪಿ ಕಿಟಕಿಯನ್ನು ಸೊನ್ನೆಗೆ ಇಳಿಸುತ್ತದೆ. ಮೇನ್‌ಫ್ರೇಮ್ ಕಡೆ ಸಂಪರ್ಕ ಜೀವಂತವಾಗಿದೆ, ಬೈಟುಗಳು ಕಳಿಸಲು ಕಾದಿವೆ, ದೋಷ ಸಂದೇಶ ಇಲ್ಲ. ಇಂಥಲ್ಲಿ ಪ್ಯಾಕೆಟ್ ಟ್ರೇಸ್ ಒಂದೇ ನಿಷ್ಪಕ್ಷಪಾತ ಸಾಕ್ಷಿ. ಝಡ್/ಓಎಸ್‌ನಲ್ಲಿ ಅದನ್ನು ಆಪರೇಟರ್ ಆದೇಶದಿಂದಲೇ ಶುರು ಮಾಡಿ, ಪ್ರಿಂಟರಿನ ವಿಳಾಸಕ್ಕೆ ಮಾತ್ರ ಸೀಮಿತಗೊಳಿಸಿ, ಐಪಿಸಿಎಸ್ ಎಂಬ ವಿಶ್ಲೇಷಣಾ ಸಾಧನದಲ್ಲಿ ಓದಬಹುದು. ವೈರ್‌ಶಾರ್ಕ್ ಓದುವ ರೂಪದಲ್ಲಿ ಹೊರತೆಗೆಯಲೂಬಹುದು. ಎಲ್‌ಪಿಡಿಯ ಮಾತೆಲ್ಲ ಬಿಚ್ಚು ಪಠ್ಯವಾದ್ದರಿಂದ ಟ್ರೇಸಿನಲ್ಲಿ ಗ್ರಾಹಕರ ವಿವರಗಳೂ ಕಾಣುತ್ತವೆ. ಅದನ್ನು ಇಮೇಲಿನಲ್ಲಿ ಹಂಚುವ ಮುನ್ನ ಯೋಚಿಸಲೇಬೇಕು. ಸಂಬಳ, ಖಾತೆ ವಿವರಗಳಿರುವ ಮುದ್ರಣವನ್ನು ಟಿಎಲ್‌ಎಸ್ ಹೊದಿಕೆಯ ಐಪಿಪಿಗೆ ಸಾಗಿಸಲು ಇದೇ ದೊಡ್ಡ ಕಾರಣ.

ಪೂರ್ತಿ ದಾರಿಯನ್ನು ಅರ್ಧಕ್ಕೆ ಸೀಳಿ ನೋಡುವುದೂ ಉಪಯುಕ್ತ. ಟಿಎಸ್‌ಓದಿಂದ ಚಿಕ್ಕ ಕಡತವೊಂದನ್ನು ಎಲ್‌ಪಿಆರ್ ಆದೇಶದಿಂದ, ಟ್ರೇಸ್ ಆಯ್ಕೆ ಸೇರಿಸಿ, ಅದೇ ಪ್ರಿಂಟರಿಗೆ ಕಳಿಸಬೇಕು. ಅದು ಸರಿಬಂದರೆ ಜಾಲವೂ ಪ್ರಿಂಟರೂ ನಿರ್ದೋಷಿಗಳೆಂದು ಸಾಕಷ್ಟು ಧೈರ್ಯದಿಂದ ಹೇಳಬಹುದು. ಹುಡುಕಾಟ ಜೆಸ್2 ಮತ್ತು ಮುದ್ರಣ ತಂತ್ರಾಂಶದ ಹೊಂದಿಕೆಗಳಿಗೆ ಸೀಮಿತವಾಗುತ್ತದೆ.

ಸಿಐಸಿಎಸ್ ಎಂಬ ವಹಿವಾಟು ತಂತ್ರಾಂಶದ ಪರದೆಯಿಂದ ಮುದ್ರಿಸುವ ಕಚೇರಿಗಳಲ್ಲಿ ಟಿಎನ್3270ಇ ಪ್ರಿಂಟರ್ ಸೆಷನ್ ಎಂಬ ಬೇರೆ ದಾರಿಯೂ ಬಳಕೆಯಲ್ಲಿದೆ. ಅಲ್ಲಿ ಕಚೇರಿಯ ಕಂಪ್ಯೂಟರೇ ಐಬಿಎಂನ ಹಳೆಯ ಎಸ್‌ಎನ್‌ಎ ಜಾಲದ ಪ್ರಿಂಟರಿನ ವೇಷ ಹಾಕುತ್ತದೆ. ತೊಂದರೆ ಬಂದಾಗ ಆ ಜಾಲವನ್ನು ನೋಡಿಕೊಳ್ಳುವ ವಿಟ್ಯಾಮ್‌ನಲ್ಲಿ ಆ ಪ್ರಿಂಟರಿನ ಎಲ್‌ಯು ಸಕ್ರಿಯವೇ ಎಂದು ನೋಡಬೇಕು. ಸೆನ್ಸ್ ಕೋಡ್ 0821 ಬಂದರೆ ಸೆಷನ್ನಿನ ನಿಯತಾಂಕಗಳು ಹೊಂದಿಲ್ಲ, 0802 ಬಂದರೆ ಪ್ರಿಂಟರಿನ ಬಳಿ ಮನುಷ್ಯರ ಕೈ ಬೇಕು.

ಎರಡು ಸಲ ಬಂದ ವರದಿ

ಬಾರದ ಮುದ್ರಣಕ್ಕಿಂತ ಎರಡು ಸಲ ಬಂದ ಮುದ್ರಣ ಹೆಚ್ಚು ಅಪಾಯಕಾರಿ, ಅದರಲ್ಲೂ ಕಾಗದ ಚೆಕ್ಕಾಗಿದ್ದಾಗ. ಪ್ರಿಂಟರು ಇಡೀ ವರದಿ ಪಡೆದು ಮುದ್ರಿಸಿತು, ಆದರೆ ಕೊನೆಯ ಸೊನ್ನೆ ಬೈಟು ಕೊಡುವ ಮೊದಲು ಸಂಪರ್ಕ ಕಡಿಯಿತು ಎಂದುಕೊಳ್ಳೋಣ. ಕಳಿಸಿದವರ ದೃಷ್ಟಿಯಲ್ಲಿ ಇದು ವಿಫಲ ಯತ್ನ. ಮರುಯತ್ನದ ನಿಯಮದಂತೆ ತಂತ್ರಾಂಶ ಮೊದಲ ಪುಟದಿಂದ ಮತ್ತೆ ಕಳಿಸುತ್ತದೆ. ನಿಧಾನ ಪ್ರಿಂಟರಿಗೆ ಚಿಕ್ಕ ಟೈಮ್ ಔಟ್ ಕೊಟ್ಟಿದ್ದರೆ ಇದೇ ವರದಿ ಮತ್ತೆ ಮತ್ತೆ ಬರುತ್ತಲೇ ಇರುತ್ತದೆ. ಟೈಮ್ ಔಟ್ ಹೆಚ್ಚಿಸಬೇಕು, ಮರುಯತ್ನದ ಸಂಖ್ಯೆ ಇಳಿಸಬೇಕು, ವಿಫಲವಾದದ್ದು ಸ್ಪೂಲಿನಲ್ಲಿ ಉಳಿದು ಮನುಷ್ಯರ ತೀರ್ಮಾನಕ್ಕೆ ಕಾಯುವಂತೆ ಹೊಂದಿಸಬೇಕು.

ಎಲ್‌ಪಿಡಿಗೆ ಪುಟವೆಂದರೇನೆಂದು ಗೊತ್ತಿಲ್ಲ, ಆದ್ದರಿಂದ ನಡುವಿನಿಂದ ಮುಂದುವರಿಸುವ ಶಕ್ತಿಯೂ ಅದಕ್ಕಿಲ್ಲ. ಪಿಎಸ್‌ಎಫ್ ಬಳಸುವ ಐಪಿಡಿಎಸ್ ಮಾತುಕತೆ ಬೇರೆ ತರಹದ್ದು. ಸಾಮಾನ್ಯವಾಗಿ 5001ನೆಯ ಪೋರ್ಟಿನಲ್ಲಿ ನಡೆಯುವ ಈ ಸಂವಾದದಲ್ಲಿ ಪ್ರಿಂಟರು ಎಷ್ಟು ಪುಟ ಪಡೆದೆ, ಎಷ್ಟು ಪುಟ ತಟ್ಟೆಗೆ ಬಿತ್ತು ಎಂದು ಎಣಿಸಿ ಹಿಂದಕ್ಕೆ ಹೇಳುತ್ತದೆ. ಕಾಗದ ಸಿಕ್ಕಿಕೊಂಡರೆ ಪಿಎಸ್‌ಎಫ್ ಆ ಎಣಿಕೆಯಿಂದ ಮುಂದಕ್ಕೆ ಮುದ್ರಿಸುತ್ತದೆ. ಬೆಲೆಬಾಳುವ ಕಾಗದಗಳ ದೊಡ್ಡ ಮುದ್ರಣಕ್ಕೆ ಈ ದಾರಿಯೇ ತಕ್ಕದ್ದು. ಅನಿವಾರ್ಯವಾಗಿ ಎಲ್‌ಪಿಡಿಯಲ್ಲೇ ಚೆಕ್ಕು ಮುದ್ರಿಸುವ ಕಡೆ ಪ್ರೋಗ್ರಾಮೇ ಪ್ರತಿ ಹಾಳೆಗೆ ಸರಣಿ ಸಂಖ್ಯೆ ಹಾಕಬೇಕು, ಪ್ರಿಂಟರಿನ ಬಳಿಯಿರುವವರು ತಟ್ಟೆಯ ಕೊನೆಯ ಹಾಳೆಯ ಸಂಖ್ಯೆ ಓದಿ ಹೇಳಬೇಕು, ಸ್ಪೂಲ್ ನೋಡುವವರು ಅದರ ಮುಂದಿನ ಸಂಖ್ಯೆಯಿಂದ ಮಾತ್ರ ಮರುಮುದ್ರಣಕ್ಕೆ ಬಿಡಬೇಕು.